ರಾತ್ರಿ ಎರಡು ಗಂಟೆಗೆ ಲ್ಯಾಬ್ ತೆಗ್ದಿರುತ್ತಾ? ಒಂದು ಅಂಗಾಂಗ ಕಸಿ ಆಸ್ಪತ್ರೆಯ ಪ್ರಕರಣ ಅಧ್ಯಯನ

ಇದು ನಾನು ಒಳಗೇ ಇದ್ದು ನೋಡಿದ ಪ್ರಕರಣ. ಆಸ್ಪತ್ರೆ ಹೆಸರು, ಜಾಗ, ವರ್ಷ ಯಾವ್ದೂ ಹೇಳಲ್ಲ, ರೋಗಿಗಳ ವಯಸ್ಸು, ಸಂಬಂಧ ಇಂಥವನ್ನೆಲ್ಲ ಗುರುತು ಸಿಗದ ಹಾಗೆ ಬದಲಾಯಿಸಿದೀನಿ. ಆದ್ರೆ ಯಾವ ತೀರ್ಮಾನ ಯಾವಾಗ ತಗೊಂಡ್ವಿ, ಯಾಕೆ ತಗೊಂಡ್ವಿ, ಎಲ್ಲಿ ಎಡವಿದ್ವಿ ಅನ್ನೋದನ್ನ ಇದ್ದದ್ದು ಇದ್ದ ಹಾಗೇ ಬರೀತಿದೀನಿ. ನಾನು ಅಲ್ಲಿ ಮೊದ್ಲು ಐಸಿಯು ನರ್ಸ್, ಆಮೇಲೆ ಕಸಿ ಕೋಆರ್ಡಿನೇಟರ್, ಅಂದ್ರೆ ದಾನಿ, ರೋಗಿ, ಡಾಕ್ಟರ್‌ಗಳ ನಡುವೆ ಎಲ್ಲಾ ಹೊಂದಿಸೋಳು. ಸರ್ಜನ್ ಒಬ್ರು ಇದೇ ಕಥೆ ಬರೆದ್ರೆ ಬೇರೆ ಥರ ಇರಬಹುದು, ಇಲ್ಲಿರೋದು ನನಗೆ ಕಂಡಿದ್ದು.

ಹಿನ್ನೆಲೆ

ಅದೊಂದು ದೊಡ್ಡ ಜನರಲ್ ಆಸ್ಪತ್ರೆ. ಡಯಾಲಿಸಿಸ್ ಯೂನಿಟ್ ದಿನಕ್ಕೆ ಮೂರು ಶಿಫ್ಟ್ ನಡೀತಿತ್ತು, ಅವೇ ಮುಖಗಳು ವಾರಕ್ಕೆ ಎರಡು ಮೂರು ಸಲ ಬರೋವು, ಬರ್ತಾ ಬರ್ತಾ ಮನೆಯವರ ಥರಾನೇ ಆಗ್ಬಿಡೋರು, ಅವರಲ್ಲಿ ಎಷ್ಟೋ ಜನ ದೂರದ ಕಸಿ ಕೇಂದ್ರದಲ್ಲಿ ಹೆಸರು ಬರೆಸಿ ಕಾಯ್ತಾ ಕಾಯ್ತಾ ಒಂದಿನ ಬರೋದೇ ನಿಲ್ಲಿಸ್ತಿದ್ರು. ಯಾಕೆ ಬರ್ಲಿಲ್ಲ ಅಂತ ಫೋನ್ ಮಾಡೋ ಕೆಲಸ ನಮ್ದು, ಆ ಕಡೆಯಿಂದ ಯಾರೋ ಅಳೋ ದನಿ ಕೇಳಿದ ತಕ್ಷಣ ಗೊತ್ತಾಗೋದು.

ಹಾಗಾಗಿ ಕಸಿಗೇ ಅಂತ ಪ್ರತ್ಯೇಕ ಆಸ್ಪತ್ರೆ ಕಟ್ಟೋಣ ಅಂತ ಆಡಳಿತ ಮಂಡಳಿ ತೀರ್ಮಾನಿಸಿದಾಗ ನಮಗೆಲ್ಲ ನಿಜಕ್ಕೂ ಖುಷಿ ಆಯ್ತು. ಪ್ಲಾನ್ ದೊಡ್ಡದೇ ಇತ್ತು: ಕಿಡ್ನಿ, ಲಿವರ್, ಹಾರ್ಟ್ ಮೂರೂ ಒಟ್ಟಿಗೆ ಶುರು, ನಾಲ್ಕು ಥಿಯೇಟರ್, ಹೊಸ ಐಸಿಯು, ಹೊರಗಡೆ ತರಬೇತಿ ಪಡೆದ ಸರ್ಜನ್‌ಗಳು. ಉದ್ಘಾಟನೆ ದಿನಾನೂ ಗೊತ್ತು ಮಾಡಿ ಆಗಿತ್ತು.

ಪ್ಲಾನ್ ತೋರಿಸಿದ ಮೀಟಿಂಗ್‌ನಲ್ಲಿ ಹಿರಿಯ ಅರಿವಳಿಕೆ ಡಾಕ್ಟರ್ ಒಬ್ರು ಇದ್ರು, ಮೇಡಂ ಅಂತಷ್ಟೇ ಕರೀತೀನಿ. ಎಲ್ಲಾ ಕೇಳಿಸ್ಕೊಂಡು ಕೊನೆಗೆ ಒಂದೇ ಪ್ರಶ್ನೆ ಕೇಳಿದ್ರು. "ಸರ್, ರಾತ್ರಿ ಎರಡು ಗಂಟೆಗೆ ನಮ್ಮ ಲ್ಯಾಬ್ ತೆಗ್ದಿರುತ್ತಾ?" ಯಾರೂ ಉತ್ತರ ಕೊಡ್ಲಿಲ್ಲ. ಆಮೇಲೆ ಅವರೇ ಹಳೇ ವಿಷಯ ಹೇಳಿದ್ರು. 1967ರ ಡಿಸೆಂಬರ್ 3ಕ್ಕೆ ಕೇಪ್ ಟೌನ್‌ನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಒಬ್ಬರ ಹೃದಯನ ಇನ್ನೊಬ್ಬರಿಗೆ ಕಸಿ ಮಾಡಿದ್ರು, ಆ ರೋಗಿ 18 ದಿನ ಬದುಕಿದ್ರು, ತೀರ್ಕೊಂಡಿದ್ದು ನ್ಯುಮೋನಿಯಾ ಆಗಿ. ಅದನ್ನ ನೋಡಿ 1968ರಲ್ಲಿ ಜಗತ್ತಿನ ಎಲ್ಲೆಲ್ಲೋ ಆಸ್ಪತ್ರೆಗಳು ಹಾರ್ಟ್ ಕಸಿ ಶುರು ಮಾಡಿದ್ವು, ಆ ಒಂದೇ ವರ್ಷ ನೂರರ ಹತ್ರ ಆದ್ವು, ಹೆಚ್ಚಿನವರು ಬೇಗನೆ ತೀರ್ಕೊಂಡ್ರು, ಒಂದೊಂದೇ ಆಸ್ಪತ್ರೆ ಕೈಬಿಡ್ತಾ ಬಂತು. ಬಿಡದೆ ಹಿಡ್ಕೊಂಡವರು ಕೆಲವೇ ಕೆಲವರು, ಅದ್ರಲ್ಲಿ ಮುಖ್ಯ ಸ್ಟ್ಯಾನ್‌ಫರ್ಡ್‌ನ ನಾರ್ಮನ್ ಶಮ್ವೇ ತಂಡ. "ಹೊಲಿಯೋಕೆ ಆಗ್ಲೂ ಎಲ್ಲರಿಗೂ ಬರ್ತಿತ್ತು, ಹೊಲಿದ ಮೇಲೆ ಏನಾಗುತ್ತೆ ಅಂತ ನೋಡ್ಕೊಳ್ಳೋ ವ್ಯವಸ್ಥೆ ಇರ್ಲಿಲ್ಲ" ಅಂದ್ರು ಮೇಡಂ.

ಅದು ಮೊದಲ ತಿರುವು. ಮೂರು ಮೀಟಿಂಗ್ ಜಗಳ ಆಗಿ (ಜಗಳ ಅಂದ್ರೆ ಜಗಳಾನೇ, ಒಬ್ರು ಎದ್ದು ಹೋದ್ರು) ಕೊನೆಗೆ ಕಿಡ್ನಿ ಮಾತ್ರ ಶುರು ಮಾಡೋದು, ಅದೂ ಬದುಕಿರೋ ದಾನಿಗಳಿಂದ, ಲಿವರ್ ಆಮೇಲೆ, ಹಾರ್ಟ್ ಇನ್ನೂ ಆಮೇಲೆ ಅಂತ ಆಯ್ತು. ಉದ್ಘಾಟನೆ ಮುಂದಕ್ಕೆ ಹೋಯ್ತು. ಸರ್ಜನ್‌ಗಳಿಗೆ ಬೇಜಾರಾಯ್ತು, ಅವರ ಕಷ್ಟ ಅರ್ಥ ಆಗುತ್ತೆ, ಕಲಿತ ಕೈ ಸುಮ್ನೆ ಕೂತ್ರೆ ಕೈ ತಪ್ಪುತ್ತೆ.

ಬದುಕಿರೋ ದಾನಿಗಳು

ಕಿಡ್ನಿಯಿಂದ ಶುರು ಮಾಡೋದ್ರಲ್ಲಿ ಒಂದು ಲಾಭ ಇದೆ, ಕಸಿ ವಿಫಲ ಆದ್ರೂ ಡಯಾಲಿಸಿಸ್ ಅಂತ ಒಂದು ದಾರಿ ಉಳ್ದಿರುತ್ತೆ, ಲಿವರ್ ವಿಫಲ ಆದ್ರೆ ಆ ಥರ ನೆಚ್ಕೊಳ್ಳೋಕೆ ಏನೂ ಇಲ್ಲ. 1954ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮಾಡಿದ ಮೊದಲ ಯಶಸ್ವಿ ಕಸಿ ಕೂಡ ಕಿಡ್ನೀದೇ, ಅದು ಗೆದ್ದಿದ್ದು ಕೊಟ್ಟವರು ತಗೊಂಡವರು ತದ್ರೂಪಿ ಅವಳಿಗಳಾಗಿದ್ರಿಂದ, ದೇಹಕ್ಕೆ ಇದು ಪರಕೀಯ ಅಂತ ಗೊತ್ತಾಗ್ಲೇ ಇಲ್ಲ. ನಮ್ಮ ಹತ್ರ ಬರೋರು ಅವಳಿಗಳಲ್ಲ, ಅಮ್ಮ, ಅಣ್ಣ, ಹೆಂಡತಿ.

ಇಲ್ಲಿ ನಾವು ಮೊದಲೇ ಮಾಡಿದ ಒಂದು ನಿಯಮ ಬಹಳ ಕಾಪಾಡ್ತು. ದಾನಿಗೆ ಬೇರೆ ಡಾಕ್ಟರ್, ರೋಗಿಗೆ ಬೇರೆ ಡಾಕ್ಟರ್, ಇಬ್ಬರೂ ಒಬ್ಬರ ಮೇಲೊಬ್ಬರು ಒತ್ತಡ ಹಾಕೋ ಹಾಗಿಲ್ಲ. ದಾನಿ ಜೊತೆ ಒಂದು ಸಲನಾದ್ರೂ ಮನೆಯವರು ಯಾರೂ ಇಲ್ದೆ ಒಬ್ರನ್ನೇ ಕೂರಿಸ್ಕೊಂಡು ಮಾತಾಡ್ಲೇಬೇಕು. ಒಂದ್ಸಲ ರೋಗಿಯ ತಮ್ಮ ಬಂದಿದ್ದ, ಎಲ್ಲರ ಮುಂದೆ "ನಾನೇ ಕೊಡ್ತೀನಿ" ಅಂತ ಜೋರಾಗಿ ಹೇಳಿದ್ದ, ಟೆಸ್ಟ್ ಎಲ್ಲಾ ಮ್ಯಾಚ್ ಆಗಿತ್ತು. ಒಬ್ಬನೇ ಕೂತಾಗ ಅರ್ಧ ಗಂಟೆ ಏನೇನೋ ಮಾತಾಡಿ ಕೊನೆಗೆ "ಅಕ್ಕಾ, ನಂಗೆ ಭಯ ಆಗ್ತಿದೆ, ಆದ್ರೆ ಬೇಡ ಅಂದ್ರೆ ಮನೇಲಿ ಯಾರೂ ನನ್ ಮುಖ ನೋಡಲ್ಲ" ಅಂದ. ನಾವು ಮನೆಯವರಿಗೆ ಹೇಳಿದ್ದು ಇಷ್ಟೇ, ಎಲ್ಲಾ ನೋಡಿದ್ವಿ, ಇವ್ರು ದಾನಿಯಾಗೋಕೆ ಸೂಕ್ತ ಅಲ್ಲ. ಕಾರಣ ಹೇಳ್ಲಿಲ್ಲ. ಅದು ಸುಳ್ಳಾ ಅಂತ ನಮ್ಮೊಳಗೇ ದೊಡ್ಡ ಚರ್ಚೆ ಆಯ್ತು, ನನ್ನ ಅಭಿಪ್ರಾಯದಲ್ಲಿ ಅಲ್ಲ, ಮನಸ್ಸಿಲ್ಲದವನು ಸೂಕ್ತ ದಾನಿ ಅಲ್ಲವೇ ಅಲ್ಲ. ಅಣ್ಣನಿಗೆ ಆಮೇಲೆ ಅವರ ಅಮ್ಮ ಕೊಟ್ರು, ಇಬ್ಬರೂ ಚೆನ್ನಾಗಿದಾರೆ.

ಕೈತಪ್ಪಿ ಹೋದ ದಾನ

ಬದುಕಿರೋ ದಾನಿಗಳಿಂದ ಕಾರ್ಯಕ್ರಮ ನಡೀತಿತ್ತು, ಆದ್ರೆ ಪಟ್ಟಿಯಲ್ಲಿ ಕಾಯ್ತಿದ್ದ ಬಹಳಷ್ಟು ಜನಕ್ಕೆ ಮನೇಲಿ ಕೊಡೋರಿಲ್ಲ. ಮಿದುಳು ನಿಷ್ಕ್ರಿಯ ಆದವರಿಂದ ಅಂಗಾಂಗ ಪಡೆಯೋ ಅನುಮತಿ ಎಲ್ಲಾ ಸಿಕ್ತು, ಜನಜಾಗೃತಿ ಅಂತ ಬ್ಯಾನರ್ ಕಟ್ಟಿದ್ವಿ, ಭಾಷಣ ಮಾಡಿಸಿದ್ವಿ, ಪ್ರತಿಜ್ಞಾ ಪತ್ರಕ್ಕೆ ತುಂಬಾ ಜನ ಸಹಿ ಹಾಕಿದ್ರು. ತಿಂಗಳುಗಟ್ಟಲೆ ಒಂದೇ ಒಂದು ದಾನ ಬರ್ಲಿಲ್ಲ. ಜನ ಒಪ್ಪಲ್ಲ ಅಂತ ಎಲ್ಲರೂ ಅಂದ್ಕೊಂಡ್ವಿ.

ಆಮೇಲೆ ಒಂದು ಕುಟುಂಬ ತಾವಾಗೇ ಕೇಳ್ತು. ಅಪಘಾತದಲ್ಲಿ ತಲೆಗೆ ಪೆಟ್ಟಾದ ಹುಡುಗ, ನಮ್ಮದೇ ಐಸಿಯು. ಕಣ್ಣಿನ ಪಾಪೆ ಬೆಳಕಿಗೆ ಅಲ್ಲಾಡ್ತಿಲ್ಲ, ಟ್ಯೂಬ್ ಒಳಗೆ ಸಕ್ಷನ್ ಹಾಕಿದ್ರೂ ಕೆಮ್ಮಿಲ್ಲ. ಅಪ್ಪನೇ ಬಂದು "ಇನ್ನೇನೂ ಇಲ್ಲ ಅಂದ್ರೆ ಯಾರಿಗಾದ್ರೂ ಆಗ್ಲಿ" ಅಂದ್ರು. ಆದ್ರೆ ಮಿದುಳು ನಿಜಕ್ಕೂ ನಿಂತಿದ್ಯಾ ಅಂತ ಟೆಸ್ಟ್ ಮಾಡೋಕೆ ಮೊದ್ಲು ನಿದ್ದೆ ಔಷಧಿ ಪೂರ್ತಿ ಇಳೀಬೇಕು, ಮೈ ಬೆಚ್ಚಗಿರಬೇಕು, ಬಿಪಿ ನಿಂತಿರಬೇಕು, ಇಲ್ಲಾಂದ್ರೆ ಆ ಟೆಸ್ಟ್‌ಗೆ ಅರ್ಥ ಇಲ್ಲ. ಔಷಧಿ ಯಾವಾಗ ನಿಲ್ಲಿಸಿದ್ರು ಅಂತ ಶೀಟ್‌ನಲ್ಲಿ ಸರಿಯಾಗಿ ಬರ್ದಿರ್ಲಿಲ್ಲ, ಹಾಗಾಗಿ ಇನ್ನೊಂದು ದಿನ ಕಾದ್ವಿ. ಅಷ್ಟರಲ್ಲಿ ಯೂರಿನ್ ಹರಿದು ಹೋಗೋಕೆ ಶುರುವಾಯ್ತು. ಮಿದುಳು ಕೆಲಸ ನಿಲ್ಲಿಸಿದಾಗ ಎಷ್ಟೋ ಸಲ ನೀರು ಹಿಡಿದಿಡೋ ಹಾರ್ಮೋನ್ ಬರಲ್ಲ, ಗಂಟೆಗೆ ಅರ್ಧ ಲೀಟರ್‌ಗೂ ಜಾಸ್ತಿ ಹೋಗ್ತಿತ್ತು, ಸೋಡಿಯಂ ಏರ್ತು, ಬಿಪಿ ಇಳೀತು, ಮೈ ತಣ್ಣಗಾಗ್ತಾ ಬಂತು. ಇದಕ್ಕೆ ವಾಸೊಪ್ರೆಸಿನ್ ಅಂತ ಅದೇ ಹಾರ್ಮೋನ್ ಔಷಧಿಯಾಗಿ ಇದೆ, ದ್ರವ ಲೆಕ್ಕ ಹಾಕಿ ಕೊಡ್ಬೇಕು, ಮೈ ಬೆಚ್ಚಗಿಡ್ಬೇಕು, ಎಲ್ಲಾ ಪುಸ್ತಕದಲ್ಲಿರೋದೇ, ಆದ್ರೆ ಆ ರಾತ್ರಿ ಡ್ಯೂಟಿಯಲ್ಲಿದ್ದ ಜೂನಿಯರ್‌ಗೆ ಯಾರೂ ಹೇಳಿರ್ಲಿಲ್ಲ, ಇನ್ನೇನು ಉಳಿಯಲ್ಲ ಅನ್ನೋ ರೋಗಿಗೆ ಅಷ್ಟೊಂದು ಮಾಡ್ಬೇಕು ಅಂತ ಅವನಿಗೆ ಹೊಳೀಲೂ ಇಲ್ಲ. ಬೆಳಿಗ್ಗೆ ಮೊದಲ ಟೆಸ್ಟ್ ಆಯ್ತು. ಖಚಿತ ಮಾಡೋಕೆ ಬೇಕಾದ ಎರಡನೇ ಟೆಸ್ಟ್‌ಗೆ ಪ್ಯಾನಲ್‌ನಲ್ಲಿದ್ದ ಡಾಕ್ಟರ್ ಬರೋದು ತಡ ಆಯ್ತು. ಅವ್ರು ಬರೋಕೆ ಮುಂಚೆ ಹಾರ್ಟ್ ನಿಂತೋಯ್ತು.

ಅಪ್ಪ ನನ್ನ ಹತ್ರ ಬಂದು "ಸಿಸ್ಟರ್, ನಾವು ಹೂಂ ಅಂದಿದ್ವಲ್ಲಾ, ಮತ್ಯಾಕೆ ತಗೊಳ್ಲಿಲ್ಲ?" ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ, ಅವರ ಕೈ ಹಿಡ್ಕೊಂಡು ಕೂತೆ ಅಷ್ಟೇ. ಇವತ್ತಿಗೂ ಆ ಪ್ರಶ್ನೆ ನನ್ನ ಕಿವೀಲಿದೆ.

ಆ ವಾರ ಕೂತು ಹಿಂದಿನ ಐಸಿಯು ಫೈಲ್‌ಗಳನ್ನೆಲ್ಲ ತೆಗೆಸಿ ನೋಡಿದ್ವಿ. ಮಿದುಳು ನಿಷ್ಕ್ರಿಯ ಆಗಿರಬಹುದಾದ ಕೇಸ್‌ಗಳು ಇದ್ವು, ಬೇಕಾದಷ್ಟಿದ್ವು, ಯಾರೂ ಟೆಸ್ಟ್ ಮಾಡಿರ್ಲಿಲ್ಲ, ಮನೆಯವರನ್ನ ಯಾರೂ ಕೇಳೇ ಇರ್ಲಿಲ್ಲ. ಜನ ಒಪ್ಪಲ್ಲ ಅಂತ ನಾವು ಹೇಳ್ತಿದ್ದಿದ್ದು ಪೂರಾ ತಪ್ಪು, ನಾವೇ ಅವರ ಬಾಗಿಲು ತಟ್ಟಿರ್ಲಿಲ್ಲ. ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ಸೋ ಜಾಗ ಇದು.

ಸ್ಪೇನ್ ದೇಶದ ವಿಷಯ ಆಗ ಓದಿದ್ವಿ. ಅಲ್ಲಿ 1989ರಲ್ಲಿ ಒಂದು ರಾಷ್ಟ್ರೀಯ ಕಸಿ ಸಂಸ್ಥೆ ಶುರುವಾಯ್ತು, ಆಸ್ಪತ್ರೆಗಳ ಒಳಗೇ ಕೋಆರ್ಡಿನೇಟರ್‌ಗಳನ್ನ ಇಟ್ರು, ಅವರಲ್ಲಿ ಹೆಚ್ಚಿನವರು ಐಸಿಯು ಡಾಕ್ಟರ್‌ಗಳೇ, ತಮ್ಮ ಕೆಲಸದ ಜೊತೆ ಇದನ್ನೂ ನೋಡ್ಕೊಳ್ಳೋರು. ಕೆಲವೇ ವರ್ಷದಲ್ಲಿ ದಾನದ ಪ್ರಮಾಣದಲ್ಲಿ ಆ ದೇಶ ಜಗತ್ತಿಗೇ ಮುಂದೆ ಬಂತು. ನಾವೂ ನಮ್ಮ ಐಸಿಯು ಡಾಕ್ಟರ್ ಒಬ್ಬರಿಗೆ ಅರ್ಧ ದಿನದ ಡ್ಯೂಟಿ ಕಡಿಮೆ ಮಾಡಿ ಈ ಜವಾಬ್ದಾರಿ ಕೊಟ್ವಿ, ಕಸಿ ತಂಡಕ್ಕೂ ಅವರಿಗೂ ಸಂಬಂಧ ಇರಬಾರದು ಅಂತ ಬರೆದಿಟ್ವಿ. ಗೋಡೆ ಮೇಲೆ ಒಂದು ಹಾಳೆ ಅಂಟಿಸಿದ್ವಿ, ಇಂಥ ಇಂಥ ಲಕ್ಷಣ ಕಂಡ್ರೆ ಫೋನ್ ಮಾಡಿ ಅಂತ. ಇನ್ನೊಂದು ಬದಲಾವಣೆ ಮಾತಾಡೋ ರೀತಿಯಲ್ಲಿ. ಸಾವಿನ ಸುದ್ದಿ ಒಬ್ರು ಹೇಳೋದು, ಮನೆಯವರು ಅದನ್ನ ಅರಗಿಸ್ಕೊಳ್ಳೋಕೆ ಬಿಡೋದು, ಆಮೇಲೆ ಬೇರೆಯವರು ಹೋಗಿ ದಾನದ ಮಾತು ಎತ್ತೋದು. ಮೊದ್ಲೆಲ್ಲ ಎರಡನ್ನೂ ಒಂದೇ ಉಸಿರಲ್ಲಿ ಹೇಳ್ತಿದ್ವಿ, ಆಗ ಮನೆಯವರಿಗೆ ಇವ್ರು ಅಂಗಾಂಗಕ್ಕೋಸ್ಕರ ಸತ್ತ ಅಂತಿದಾರೆ ಅನ್ಸೋದು, ಅನ್ಸದೇ ಇರುತ್ತಾ.

ಇಲ್ಲ ಅಂದವರಿಗೆ ಮತ್ತೊಂದು ಸಲ ಕೇಳಲ್ಲ, ಅವರ ಮೇಲೆ ಬೇಜಾರೂ ಮಾಡ್ಕೊಳ್ಳಲ್ಲ. ಕೇಳೋದು ನಮ್ಮ ಕೆಲಸ, ಹೂಂ ಅನ್ನೋದು ಅವರ ಕೆಲಸ ಅಲ್ಲ.

ಲ್ಯಾಬ್ ರಾತ್ರಿ

ಮುಂದೆ ದಾನ ಬರೋಕೆ ಶುರುವಾಯ್ತು. ಆಗ ಮೇಡಂ ಕೇಳಿದ್ದ ಪ್ರಶ್ನೆ ನಿಜವಾಗ್ಲೂ ಎದುರು ಬಂದು ನಿಂತ್ಕೊಳ್ತು.

ಒಂದು ರಾತ್ರಿ ಬೇರೆ ಆಸ್ಪತ್ರೆಯಿಂದ ಕಿಡ್ನಿ ಸಿಗುತ್ತೆ ಅಂತ ಫೋನ್. ರೋಗಿನ ಕರೆಸಿದ್ವಿ, ಆಕೆ ಮೂರು ಮಕ್ಕಳ ತಾಯಿ, ರಕ್ತ ಹಿಂದೆ ಎಷ್ಟೋ ಸಲ ಹಾಕಿಸ್ಕೊಂಡಿದ್ರು. ಹೆರಿಗೆ, ರಕ್ತ ಹಾಕಿಸೋದು, ಹಿಂದಿನ ಕಸಿ, ಈ ಮೂರರಲ್ಲಿ ಯಾವ್ದಾದ್ರೂ ಆಗಿದ್ರೆ ಬೇರೆಯವರ ಜೀವಕೋಶದ ವಿರುದ್ಧ ಆಂಟಿಬಾಡಿ ಇರೋ ಸಾಧ್ಯತೆ ಜಾಸ್ತಿ, ಆಕೆಗೆ ಎರಡು ಆಗಿತ್ತು. ಕ್ರಾಸ್‌ಮ್ಯಾಚ್, ಅಂದ್ರೆ ರೋಗಿಯ ರಕ್ತದಲ್ಲಿ ಈ ದಾನಿಯ ಜೀವಕೋಶದ ವಿರುದ್ಧ ಆಂಟಿಬಾಡಿ ಇದ್ಯಾ ಅಂತ ನೋಡೋ ಟೆಸ್ಟ್, ಇಲ್ದೆ ಆಕೆಗೆ ಹಾಕೋ ಹಾಗೇ ಇಲ್ಲ. 1969ರಲ್ಲಿ ಪಟೇಲ್ ಮತ್ತು ತೆರಸಾಕಿ ಅನ್ನೋ ಸಂಶೋಧಕರು ಪ್ರಕಟಿಸಿದ ಲೆಕ್ಕ ಇದೆ, ಕ್ರಾಸ್‌ಮ್ಯಾಚ್ ಪಾಸಿಟಿವ್ ಇದ್ದ 30 ಕಸಿಗಳಲ್ಲಿ 24 ಕೂಡಲೇ ವಿಫಲ ಆಗಿದ್ವು, ನೆಗೆಟಿವ್ ಇದ್ದ 195ರಲ್ಲಿ ಹಾಗಾಗಿದ್ದು ಬರೀ 8. ಆಮೇಲೆ ಕಿಡ್ನಿ ಕಸಿಗೆ ಮುಂಚೆ ಇದನ್ನ ನೋಡೋದು ವಾಡಿಕೆ ಆಯ್ತು. ನಮ್ಮಲ್ಲಿ ಈ ಟೆಸ್ಟ್ ಬರ್ತಿದ್ದ ಟೆಕ್ನಿಷಿಯನ್ ಇಬ್ರೇ, ಒಬ್ರು ರಜೆ, ಇನ್ನೊಬ್ರು ಫೋನ್ ಎತ್ತಲಿಲ್ಲ, ಯಾಕೆ ಎತ್ತಬೇಕು, ಅವರಿಗೆ ಆನ್-ಕಾಲ್ ಅಂತ ಯಾರೂ ಹೇಳಿರ್ಲಿಲ್ಲ, ಸಂಬಳಾನೂ ಇರ್ಲಿಲ್ಲ. ಐಸ್‌ನಲ್ಲಿಟ್ಟ ಕಿಡ್ನಿ ಒಂದು ದಿನದ ತನಕ ತಡ್ಕೊಳ್ಳುತ್ತೆ, ಆದ್ರೂ ಗಂಟೆ ಕಳೆದಂತೆ ಗುಣ ಇಳೀತಾ ಹೋಗುತ್ತೆ. ಬೆಳಗಿನ ತನಕ ಇಟ್ಕೊಂಡು ಆಮೇಲೆ ಪಾಸಿಟಿವ್ ಬಂದ್ರೆ ಅದು ಯಾರಿಗೂ ಇಲ್ಲದಂತಾಗುತ್ತೆ. ಹಾಗಾಗಿ ನಮಗೆ ಬೇಡ, ಪಟ್ಟಿಯಲ್ಲಿ ಮುಂದಿರೋ ಕೇಂದ್ರಕ್ಕೆ ಕೊಡಿ ಅಂತ ಹೇಳಿದ್ವಿ. ಉಪವಾಸ ಕೂತಿದ್ದ ಆ ತಾಯಿಗೆ ಮನೆಗೆ ಹೋಗಿ ಅಂತ ಹೇಳಿದವಳು ನಾನೇ.

ಆ ತೀರ್ಮಾನ ಸರಿ, ಆ ಪರಿಸ್ಥಿತಿಗೆ ಬಂದಿದ್ದು ತಪ್ಪು. ಮುಂದಿನ ತಿಂಗಳು ಆಡಳಿತದ ಜೊತೆ ಲೆಕ್ಕಾಚಾರ ಆಯ್ತು. ರಾತ್ರಿ ಕೆಲಸ ಇಲ್ದೆ ಕೂತವರಿಗೆ ಯಾಕೆ ದುಡ್ಡು ಅನ್ನೋದು ಅವರ ಪ್ರಶ್ನೆ. ಅಗ್ನಿಶಾಮಕದವರು ಬೆಂಕಿ ಇಲ್ದಾಗ ಕೂತಿರ್ತಾರಲ್ಲ ಸರ್ ಅಂದ್ರು ಮೇಡಂ. ಲ್ಯಾಬ್, ಬ್ಲಡ್ ಬ್ಯಾಂಕ್, ಡಯಾಲಿಸಿಸ್ ನರ್ಸ್, ಥಿಯೇಟರ್ ಸ್ಟಾಫ್, ಆಂಬುಲೆನ್ಸ್ ಡ್ರೈವರ್ ಎಲ್ಲರಿಗೂ ಆನ್-ಕಾಲ್ ರೋಸ್ಟರ್, ಎಲ್ಲರಿಗೂ ಅದಕ್ಕೆ ಭತ್ಯೆ ಅಂತ ಆಯ್ತು. ಮೂರನೇ ಟೆಕ್ನಿಷಿಯನ್‌ಗೆ ತರಬೇತಿ ಕೊಡಿಸಿದ್ವಿ. ಇದಕ್ಕೆ ಹೋದ ದುಡ್ಡು ಒಂದು ಥಿಯೇಟರ್ ಉಪಕರಣದ ಬಜೆಟ್‌ನಿಂದ ಕತ್ತರಿಸಿದ್ದು.

ಆ ತಾಯಿಗೆ ಸುಮಾರು ಒಂದು ವರ್ಷದ ಮೇಲೆ ಕಿಡ್ನಿ ಸಿಕ್ತು, ರಾತ್ರಿ ಮೂರು ಗಂಟೆಗೆ ಕ್ರಾಸ್‌ಮ್ಯಾಚ್ ನೆಗೆಟಿವ್ ಬಂತು.

ಧೂಳು

ಲಿವರ್ ವಿಭಾಗಕ್ಕೆ ಮೇಲಿನ ಮಹಡಿ ಒಡೆದು ಕೆಲಸ ನಡೀತಿದ್ದಾಗ ಕೆಳಗಿನ ವಾರ್ಡ್‌ನಲ್ಲಿ ಕಸಿ ಆದ ಒಬ್ಬರಿಗೆ ಶ್ವಾಸಕೋಶದಲ್ಲಿ ಆಸ್ಪರ್ಜಿಲಸ್ ಫಂಗಸ್ ಬಂತು. ಗೋಡೆ ಒಡೆದಾಗ ಏಳೋ ಧೂಳಲ್ಲಿ ಇದರ ಬೀಜಕಣ ಇರುತ್ತೆ, ಆರೋಗ್ಯವಾಗಿರೋರಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ರೋಗನಿರೋಧಕ ಶಕ್ತಿನ ಔಷಧಿ ಹಾಕಿ ತಗ್ಗಿಸಿರೋ ಕಸಿ ರೋಗಿಗೆ ಜೀವಕ್ಕೇ ಅಪಾಯ. ಅವರು ಉಳೀಲಿಲ್ಲ. ಧೂಳಿನಿಂದಲೇ ಬಂತು ಅಂತ ಖಚಿತವಾಗಿ ಸಾಬೀತು ಮಾಡೋಕಾಗ್ಲಿಲ್ಲ, ಆದ್ರೆ ಸಾಬೀತಾಗೋ ತನಕ ಕಾಯೋದು ಬೇಡ ಅಂತ ಕೆಲಸ ನಿಲ್ಲಿಸಿದ್ವಿ. ರೋಗಿಗಳನ್ನ ಬೇರೆ ಬ್ಲಾಕ್‌ಗೆ ಕಳಿಸಿ, ನೆಲದಿಂದ ಸೀಲಿಂಗ್ ತನಕ ತಡೆ ಕಟ್ಟಿ, ಗಾಳಿಯಲ್ಲಿರೋ ಸಣ್ಣ ಕಣಗಳನ್ನೂ ತಡೆಯೋ ಹೆಪಾ ಫಿಲ್ಟರ್ ಇರೋ, ಒಳಗಿನ ಗಾಳಿ ಒತ್ತಡ ಹೊರಗಿಂತ ಜಾಸ್ತಿ ಇರೋ ರೂಮ್ ರೆಡಿ ಆದ ಮೇಲೇ ಮತ್ತೆ ಸುತ್ತಿಗೆ ಹಿಡಿದಿದ್ದು. ಯಾರಾದ್ರೂ ನಡೀತಿರೋ ಆಸ್ಪತ್ರೆ ಪಕ್ಕದಲ್ಲೇ ಕಸಿ ಬ್ಲಾಕ್ ಕಟ್ತಿದ್ರೆ ದಯವಿಟ್ಟು ಇಂಜಿನಿಯರ್ ಜೊತೆ ಸೋಂಕು ನಿಯಂತ್ರಣದ ನರ್ಸ್‌ನೂ ಮೊದಲ ದಿನದಿಂದ ಕೂರಿಸ್ಕೊಳ್ಳಿ.

ಮನೆಗೆ ಹೋದ ಮೇಲೆ

ಕಸಿ ಆಗಿ 14 ತಿಂಗಳು ಚೆನ್ನಾಗಿದ್ದ ಒಬ್ರು ಒಂದಿನ ಕಾಲು ಊದಿಸ್ಕೊಂಡು ಬಂದ್ರು, ಕಿಡ್ನಿ ಸೋತಾಗ ರಕ್ತದಲ್ಲಿ ಏರೋ ಕ್ರಿಯಾಟಿನಿನ್ ಏರಿತ್ತು. ಮಾತ್ರೆ ತಪ್ಪಿಸಿದ್ರಾ ಅಂತ ಕೇಳಿದ್ರೆ ಒಂದೂ ಇಲ್ಲ ಅಂದ್ರು. ಕಸಿ ಮಾಡಿದ ಅಂಗನ ದೇಹ ತಿರಸ್ಕರಿಸದ ಹಾಗೆ ತಡೆಯೋ ಮಾತ್ರೆ ಟ್ಯಾಕ್ರೋಲಿಮಸ್, ರಕ್ತದಲ್ಲಿ ಅದನ್ನ ನೋಡಿದ್ರೆ ಹೆಚ್ಚುಕಮ್ಮಿ ಇಲ್ವೇ ಇಲ್ಲ. ನಮ್ಮಲ್ಲಿ ಕೆಲವರು ಸುಳ್ಳು ಹೇಳ್ತಿದಾರೆ ಅಂದ್ರು, ನಾನೂ ಒಂದು ಕ್ಷಣ ಹಾಗೇ ಅಂದ್ಕೊಂಡೆ. ಆಮೇಲೆ ಅವರ ಹೆಂಡತಿ ಚೀಲದಿಂದ ಎಲ್ಲಾ ಮಾತ್ರೆ ತೆಗೆದು ಮೇಜಿನ ಮೇಲಿಟ್ರು. ಅದ್ರಲ್ಲಿ ಕ್ಷಯದ ಮಾತ್ರೆ ಇತ್ತು. ಎರಡು ತಿಂಗಳ ಹಿಂದೆ ಕೆಮ್ಮು ಬಂದು ಮನೆ ಹತ್ರದ ಕ್ಲಿನಿಕ್‌ಗೆ ಹೋಗಿದ್ರು, ಟಿಬಿ ಅಂತ ಸರಿಯಾಗೇ ಪತ್ತೆ ಮಾಡಿ ಸರಿಯಾಗೇ ಔಷಧಿ ಕೊಟ್ಟಿದ್ರು, ಅದ್ರಲ್ಲಿ ರಿಫಾಂಪಿಸಿನ್ ಇತ್ತು. ರಿಫಾಂಪಿಸಿನ್ ತಗೊಂಡ್ರೆ ಲಿವರ್ ಟ್ಯಾಕ್ರೋಲಿಮಸ್‌ನ ಬಹಳ ಬೇಗ ಒಡೆದು ಹಾಕುತ್ತೆ, ಮಾತ್ರೆ ನುಂಗಿದ್ರೂ ರಕ್ತದಲ್ಲಿ ನಿಲ್ಲಲ್ಲ. ರೋಗಿ ಹೇಳಿದ್ದು ಅಕ್ಷರಶಃ ನಿಜ. ಯಾರೂ ತಪ್ಪು ಮಾಡಿರ್ಲಿಲ್ಲ, ಆದ್ರೂ ಕಿಡ್ನಿ ಹೋಯ್ತು, ಅವ್ರು ಮತ್ತೆ ಡಯಾಲಿಸಿಸ್ ಕುರ್ಚಿಗೆ ಬಂದ್ರು.

ಬರೀ ಆಪರೇಷನ್ ಎಷ್ಟು ಆಯ್ತು ಅಂತ ಲೆಕ್ಕ ಇಡ್ತಿದ್ದ ನಾವು ಅಲ್ಲಿಂದಾಚೆಗೆ ಒಂದು ವರ್ಷ, ಮೂರು ವರ್ಷ ಆದ ಮೇಲೆ ಎಷ್ಟು ಕಿಡ್ನಿ ಕೆಲಸ ಮಾಡ್ತಿವೆ ಅನ್ನೋದನ್ನ ಮೊದಲ ಪುಟದಲ್ಲಿ ಬರೆಯೋಕೆ ಶುರು ಮಾಡಿದ್ವಿ. ಪ್ರತಿ ರೋಗಿಗೂ ಒಂದು ಕಾರ್ಡ್ ಕೊಟ್ವಿ, ಯಾವ ಡಾಕ್ಟರ್ ಯಾವ ಹೊಸ ಮಾತ್ರೆ ಬರೆದ್ರೂ ಈ ನಂಬರ್‌ಗೆ ಮೊದ್ಲು ಫೋನ್ ಮಾಡಿ ಅಂತ. ಆ ಫೋನ್‌ಗೆ ಒಬ್ಬ ಫಾರ್ಮಸಿಸ್ಟ್, ಒಬ್ಬ ನರ್ಸ್, ಹಗಲೂ ರಾತ್ರಿ. ಕ್ಲಾರಿಥ್ರೋಮೈಸಿನ್ ಅನ್ನೋ ಆಂಟಿಬಯಾಟಿಕ್, ಫ್ಲುಕೊನಜೋಲ್ ಅನ್ನೋ ಫಂಗಸ್ ಔಷಧಿ ಥರದವು ರಿಫಾಂಪಿಸಿನ್‌ಗೆ ಉಲ್ಟಾ, ಟ್ಯಾಕ್ರೋಲಿಮಸ್ ಏರಿಸಿ ಕಿಡ್ನಿಗೇ ವಿಷ ಆಗೋ ಹಾಗೆ ಮಾಡ್ತವೆ, ಹಾಗಾಗಿ ಬರೋ ಫೋನ್‌ಗಳಲ್ಲಿ ಒಂದನ್ನೂ ಹಗುರವಾಗಿ ತಗೊಳ್ಳೋ ಹಾಗಿಲ್ಲ. ಮುಂದೆ ಇನ್ನೊಬ್ಬರಿಗೆ ಟಿಬಿ ಬಂದಾಗ ಅವರ ಊರಿನ ಡಾಕ್ಟರೇ ಫೋನ್ ಮಾಡಿದ್ರು, ರಿಫಾಂಪಿಸಿನ್ ಬದಲು ಟ್ಯಾಕ್ರೋಲಿಮಸ್‌ನ ಅಷ್ಟೊಂದು ಇಳಿಸದ ರಿಫಾಬ್ಯೂಟಿನ್ ಇಟ್ಟು, ಟ್ಯಾಕ್ರೋಲಿಮಸ್ ಲೆವೆಲ್ ಮತ್ತೆ ಮತ್ತೆ ನೋಡಿ, ಟಿಬಿನೂ ವಾಸಿ ಆಯ್ತು ಕಿಡ್ನಿನೂ ಉಳೀತು.

ಈಗ ಎಲ್ಲಿದೀವಿ

ಲಿವರ್ ಶುರುವಾಗಿದೆ. ಅದಕ್ಕೆ ಸರ್ಜನ್ ಒಬ್ರನ್ನೇ ಕಳಿಸದೆ ಅರಿವಳಿಕೆ ಡಾಕ್ಟರ್, ಐಸಿಯು ನರ್ಸ್‌ಗಳು, ಬ್ಲಡ್ ಬ್ಯಾಂಕ್‌ನವರು ಎಲ್ಲರನ್ನೂ ಒಟ್ಟಿಗೆ ಹಳೇ ಕೇಂದ್ರ ಒಂದಕ್ಕೆ ಕಳಿಸಿ ತರಬೇತಿ ಕೊಡಿಸಿದ್ವಿ, ಮೊದಲ ಕೆಲವು ಕೇಸ್‌ಗೆ ಅಲ್ಲಿಯ ತಂಡಾನೇ ಬಂದು ಪಕ್ಕದಲ್ಲಿ ನಿಂತಿತ್ತು.

ಹಾರ್ಟ್ ಇನ್ನೂ ಇಲ್ಲ. ನಮ್ಮಲ್ಲಿ ದಾನವಾದ ಹೃದಯ ಬೇರೆ ಕೇಂದ್ರಕ್ಕೆ ಹೋಗುತ್ತೆ, ಅದು ಸುಮಾರು ನಾಲ್ಕು ಗಂಟೆಯೊಳಗೆ ಇನ್ನೊಬ್ಬರ ಎದೆಯಲ್ಲಿ ಬಡಿಯಬೇಕು, ಆ ಓಟಕ್ಕೆ ಬೇಕಾದ ತಯಾರಿ ಮಾತ್ರ ನಾವು ಮಾಡ್ತೀವಿ. ಹೋದ ವರ್ಷ ಪ್ರಸ್ತಾಪ ಮತ್ತೆ ಬಂತು. ಹಾರ್ಟ್ ಕಸಿ ಆದವರಿಗೆ ಕತ್ತಿನ ರಕ್ತನಾಳದ ಮೂಲಕ ಹೃದಯದ ಚೂರು ತೆಗೆದು ತಿರಸ್ಕಾರ ಶುರುವಾಗಿದ್ಯಾ ಅಂತ ನೋಡ್ತಾ ಇರಬೇಕು, ಸ್ಟ್ಯಾನ್‌ಫರ್ಡ್‌ನವರು 1970ರ ದಶಕದಲ್ಲಿ ಬಳಕೆಗೆ ತಂದ ಆ ವಿಧಾನಾನೂ ಅವರನ್ನ ಮುಂದೆ ತಂದ ಕಾರಣಗಳಲ್ಲಿ ಒಂದು. ಮೇಡಂ ಈಗ ರಿಟೈರ್ ಆಗಿದಾರೆ, ಅವರ ಜಾಗದಲ್ಲಿ ಕೂತಿದ್ದ ಕಿರಿಯ ಡಾಕ್ಟರ್ ಕೇಳಿದ್ರು, ಆ ಚೂರನ್ನ ಭಾನುವಾರ ರಾತ್ರಿ ನೋಡಿ ವರದಿ ಕೊಡೋ ಪೆಥಾಲಜಿಸ್ಟ್ ಯಾರು ಅಂತ. ಹೆಸರು ಯಾರ ಬಾಯಲ್ಲೂ ಬರ್ಲಿಲ್ಲ. ಫೈಲ್ ವಾಪಸ್ ಹೋಯ್ತು, ಈ ಸಲ ಯಾರೂ ಎದ್ದು ಹೋಗ್ಲಿಲ್ಲ.

ಹಾರ್ಟ್‌ಗೆ ಅಂತ ಕಟ್ಟಿದ್ದ ನಾಲ್ಕನೇ ಥಿಯೇಟರ್‌ನಲ್ಲಿ ಈಗ ಫಾಲೋಅಪ್ ಕ್ಲಿನಿಕ್ ನಡೀತಿದೆ. ಆಪರೇಷನ್ ಲೈಟ್ ಬಿಚ್ಚಿದ ಜಾಗದ ಕೆಳಗೆ ಆ ಟೆಲಿಫೋನ್ ಮೇಜು ಇದೆ.